ಅಣ್ಣನಿಗೆ ಸ್ಕಿಜೋಫ್ರೇನಿಯಾ ಇದೆ, ನಾನು ಮೆದುಳಿನ ಸ್ಕ್ಯಾನ್ ಮಾಡಿಸಬೇಕೆ?

ಪ್ರಶ್ನೆ: ನನಗೆ 22 ವರ್ಷ. ಅಣ್ಣ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದಾನೆ. ಎದುರಿನವರು ಸುಮ್ಮನಿದ್ದರೂ ಸಿಟ್ಟಾಗಿದ್ದಾರೆ ಅಂತ ನನಗೆ ಎಷ್ಟೋ ಸಲ ಅನ್ನಿಸುತ್ತದೆ. ಇಂಥ ರೋಗಿಗಳ ಒಡಹುಟ್ಟಿದವರ ಮೆದುಳೂ ಮುಖಭಾವ ನೋಡಿದಾಗ ಬೇರೆ ರೀತಿ ವರ್ತಿಸುತ್ತದೆ ಎಂದು ಓದಿದೆ. ಎಫ್‌ಎಂಆರ್‌ಐ (ಮೆದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನ್) ಮಾಡಿಸಿದರೆ ನನಗೂ ಕಾಯಿಲೆ ಬರುತ್ತದೋ ಇಲ್ಲವೋ ತಿಳಿಯುತ್ತದೆಯೇ?

ಉತ್ತರ: ತಿಳಿಯುವುದಿಲ್ಲ. ಆ ದುಡ್ಡು ಉಳಿಸಿಕೊಳ್ಳಿ.

ನೀವು ಓದಿದ್ದೇನೂ ಸುಳ್ಳಲ್ಲ. ಮುಖಭಾವ ಗುರುತಿಸುವ ಪರೀಕ್ಷೆಗಳಲ್ಲಿ ಒಡಹುಟ್ಟಿದವರ ಸರಾಸರಿ ಅಂಕ ಸ್ವಲ್ಪ ಕಡಿಮೆ ಬರುತ್ತದೆ, ರೋಗಿಗಳಷ್ಟು ಕಡಿಮೆಯಲ್ಲ. ಆದರೆ ಅದು ಗುಂಪಿನ ಸರಾಸರಿ. ಒಬ್ಬೊಬ್ಬರ ಅಂಕ ನೋಡಿ ಯಾರು ಯಾವ ಗುಂಪಿನವರು ಎಂದು ಹೇಳಲಾಗದು.

ಸ್ಕ್ಯಾನಿನ ಪಾಡು ಇನ್ನೂ ಗೋಜಲು. ಎಫ್‌ಎಂಆರ್‌ಐ ಅಳೆಯುವುದು ಮೆದುಳಿನ ಚಟುವಟಿಕೆಯನ್ನು ನೇರವಾಗಿ ಅಲ್ಲ, ಅದರಿಂದ ರಕ್ತದಲ್ಲಿ ಆಗುವ ಆಮ್ಲಜನಕದ ಏರಿಳಿತವನ್ನು. ಮುಖ ತೋರಿಸಿದ 5-6 ಸೆಕೆಂಡಿಗೆ ಅದು ತುತ್ತತುದಿ ಮುಟ್ಟುತ್ತದೆ. ಭಯಕ್ಕೆ ಸ್ಪಂದಿಸುವ ಮೆದುಳಿನ ಭಾಗವಾದ ಅಮಿಗ್ಡಲಾ ಬಾದಾಮಿ ಗಾತ್ರದ್ದು, ತಲೆಬುರುಡೆಯ ಗಾಳಿ ತುಂಬಿದ ಪೊಳ್ಳುಗಳಾದ ಸೈನಸ್‌ಗಳಿಗೆ ಹತ್ತಿರ ಇರುವುದರಿಂದ ಅಲ್ಲಿ ಸಿಗ್ನಲ್ ಸೊರಗುತ್ತದೆ. ತಲೆ ಎರಡು-ಮೂರು ಮಿಲಿಮೀಟರ್ ಅಲ್ಲಾಡಿದರೂ ಚಿತ್ರ ಕೆಡುತ್ತದೆ. ಇದಲ್ಲದೆ ಲೆಕ್ಕದಲ್ಲೂ ಒಂದು ತೊಡಕಿದೆ. ಸಾಮಾನ್ಯವಾಗಿ ಭಯದ ಮುಖಕ್ಕೆ ಬಂದ ಸಿಗ್ನಲ್‌ನಿಂದ ನಿರ್ಭಾವ ಮುಖದ ಸಿಗ್ನಲ್ ಕಳೆಯುತ್ತಾರೆ. ನಿರ್ಭಾವ ಮುಖವೇ ಯಾರಿಗಾದರೂ ಸಿಟ್ಟಿನಂತೆ ಕಂಡರೆ ಅಲ್ಲೂ ಅಮಿಗ್ಡಲಾ ಚುರುಕಾಗುತ್ತದೆ. ಕಳೆದಾಗ ಉಳಿಯುವುದು ಚಿಕ್ಕ ಸಂಖ್ಯೆ, ನೋಡುವವರಿಗೆ 'ಚಟುವಟಿಕೆ ಕಡಿಮೆ' ಅನ್ನಿಸುತ್ತದೆ. ನಿರ್ಭಾವ ಮುಖದ ಬದಲು ವೃತ್ತದಂಥ ಬರೀ ಆಕೃತಿಗಳನ್ನು ತೋರಿಸಿ, ಆಗ ಬಂದ ಸಿಗ್ನಲ್ ಕಳೆದರೆ ಅದೇ ವ್ಯಕ್ತಿಯಲ್ಲಿ 'ಹೆಚ್ಚು' ಎಂದು ಬರಬಹುದು. ಸಂಶೋಧನೆಗಳ ಫಲಿತಾಂಶ ಒಂದಕ್ಕೊಂದು ತಾಳೆಯಾಗದಿರಲು ಇದೂ ಒಂದು ಕಾರಣ.

ಪರೀಕ್ಷೆಯ ಫೋಟೊಗಳೂ ಮುಖ್ಯ. ಪಾಶ್ಚಾತ್ಯರ ಮುಖಗಳಿಗೆ ಬದಲಾಗಿ ಭಾರತೀಯ ಕಲಾವಿದರ ಮುಖಗಳನ್ನು ಬಳಸುವ 'ಟ್ರೆಂಡ್ಸ್' ಎಂಬ ಪರೀಕ್ಷೆಯನ್ನು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ್ದು ಇದಕ್ಕೇ. ಅದೂ ಭವಿಷ್ಯ ಹೇಳುವ ಸಾಧನವಲ್ಲ.

ಸುಮ್ಮನಿದ್ದವರು ಸಿಟ್ಟಾದಂತೆ ಕಾಣುವುದು ಆತಂಕ, ಖಿನ್ನತೆ, ನಿದ್ದೆಗೆಟ್ಟಾಗಲೂ ಉಂಟು. ಮೊದಲು ಅವನ್ನೇ ನೋಡಿಸಿ. ಒಡಹುಟ್ಟಿದವರಿಗೆ ಸ್ಕಿಜೋಫ್ರೇನಿಯಾ ಬರುವ ಸಾಧ್ಯತೆ ನೂರಕ್ಕೆ ಸುಮಾರು 9, ಉಳಿದವರಲ್ಲಿ ಸುಮಾರು 1. ಅಂದರೆ ನಿಮ್ಮಂಥ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಿಗೆ ಅದು ಬರುವುದಿಲ್ಲ. ಗಾಂಜಾ ಮಾತ್ರ ಮುಟ್ಟಲೇಬೇಡಿ. ಮನೆತನದಲ್ಲಿ ಕಾಯಿಲೆ ಇದ್ದವರಿಗೆ ಅದರಿಂದ ಅಪಾಯ ಹೆಚ್ಚು.

ಯಾರೂ ಇಲ್ಲದಾಗ ಹೆಸರು ಕರೆದಂತೆ ಕೇಳಿಸಿದರೆ, ಜನ ತನ್ನ ಬಗ್ಗೆಯೇ ಪಿಸುಗುಡುತ್ತಿದ್ದಾರೆ ಎಂಬ ಅನುಮಾನ ವಾರಗಟ್ಟಲೆ ಬಿಡದಿದ್ದರೆ, ಓದು-ಕೆಲಸ ಏಕಾಏಕಿ ಕುಸಿದರೆ ಮನೋವೈದ್ಯರನ್ನು ಕಾಣಿ, ಅಣ್ಣನ ಕಾಯಿಲೆಯನ್ನು ಮುಚ್ಚಿಡಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ, ಪುಕ್ಕಟೆಯಾಗಿ ಮಾತಾಡಬಹುದು.