"ನನ್ನನ್ನ ಡ್ರ್ಯಾಗನ್ ಮಾಡಿಬಿಟ್ಟಿದ್ದಾಳೆ, ಮೇಡಂ"

ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ನನ್ನ ಹತ್ತಿರ ಸಲಹೆಗೆ ಬಂದ ಈ ಜೋಡಿಯನ್ನು ಸುಮಾ, ಕಿರಣ್ ಅನ್ನೋಣ. ಪ್ರೀತಿಸಿ ನಾಲ್ಕು ವರ್ಷ ಆಗಿದೆ, ಮನೆಗಳಲ್ಲಿ ಮದುವೆ ಮಾತು ನಡೀತಿದೆ. ಸುಮಾ ಚಿತ್ರ ಬರೆಯುವ ಪುಸ್ತಕ ಕಿರಣ್ ಕೈಗೆ ಸಿಕ್ಕಿ ಜಗಳ ಶುರುವಾಯಿತು.

ಪುಸ್ತಕವನ್ನು ನನ್ನ ಮುಂದಿಟ್ಟರು. ಸೋಫಾ ತುಂಬ ಮೈ ಚಾಚಿದ ಹಸಿರು ಡ್ರ್ಯಾಗನ್. ಕಿರಣ್ ಹಾಕುವ ಅದೇ ದಪ್ಪ ಫ್ರೇಮಿನ ಕನ್ನಡಕ, ಮೂಗಿನಿಂದ ಹೊಗೆ, ಪಂಜದಲ್ಲಿ ಕಾಫಿ ಲೋಟ. ಸುತ್ತಿಕೊಂಡ ಬಾಲದ ನಡುವೆ ಪುಟ್ಟ ಹುಡುಗಿಯೊಬ್ಬಳು ಓದುತ್ತ ಕೂತಿದ್ದಾಳೆ.

"ನಾನು ರಾಕ್ಷಸ ಅಂತ ತಾನೇ ಇದರ ಅರ್ಥ?" ಅಂದರು ಕಿರಣ್.

ಚಿತ್ರ ನೋಡಿದರೆ ಮನಸ್ಸು ಓದಬಹುದು ಅಂತ ತುಂಬ ಜನ ನಂಬಿದ್ದಾರೆ. ಹಾಗೆಲ್ಲ ಆಗುವುದಿಲ್ಲ. ಯುರೋಪಿನ ಕತೆಯಲ್ಲಿ ಡ್ರ್ಯಾಗನ್ನನ್ನು ಸೇಂಟ್ ಜಾರ್ಜ್ ಕೊಲ್ಲುತ್ತಾನೆ. ಚೀನಾದಲ್ಲಿ ಡ್ರ್ಯಾಗನ್ ಮಳೆ ತರುತ್ತದೆ, ಡ್ರ್ಯಾಗನ್ ವರ್ಷದಲ್ಲಿ ಮಗು ಹುಟ್ಟಲಿ ಅಂತ ಹಾರೈಸುವವರಿದ್ದಾರೆ. ಅರ್ಥವನ್ನು ಬರೆದವರನ್ನೇ ಕೇಳಬೇಕು.

"ಹೊಗೆ ಬಂದ ದಿನ ಬೇಜಾರಾಗುತ್ತೆ ಮೇಡಂ. ಆದ್ರೆ ಆ ಬಾಲದೊಳಗೆ ಇದ್ದಾಗ ನಂಗೆ ಯಾರ ಹೆದರಿಕೆಯೂ ಇಲ್ಲ," ಅಂದರು ಸುಮಾ. ಕಿರಣ್ ಆ ಹುಡುಗಿಯನ್ನು ಗಮನಿಸಿಯೇ ಇರಲಿಲ್ಲ.

ಆಮೇಲೆ ಸುಮಾ ಒಬ್ಬರನ್ನೇ ಕೂರಿಸಿಕೊಂಡು ಹೊಡೆತ, ಬೆದರಿಕೆ, ಫೋನ್ ಕಿತ್ತುಕೊಳ್ಳುವುದು ಇದೆಯಾ ಅಂತ ನೇರವಾಗಿ ಕೇಳಿದೆ. ಇಲ್ಲ ಅಂದರು. ಇದ್ದಿದ್ದರೆ ಜೋಡಿಯಾಗಿ ಸಲಹೆ ಮುಂದುವರಿಸುತ್ತಿರಲಿಲ್ಲ. ಮೊದಲು ಅವರ ಸುರಕ್ಷತೆ, ಬೇಕಾದರೆ 181 ಮಹಿಳಾ ಸಹಾಯವಾಣಿ. ಈ ಪ್ರಶ್ನೆ ಕೇಳದೆ ನಾನು ಯಾರಿಗೂ ಹೊಂದಿಕೊಂಡು ಹೋಗಿ ಅನ್ನುವುದಿಲ್ಲ.

ಇಬ್ಬರೂ ಸೇರಿ ಕೋಪವನ್ನೇ ಬೇರೆ ಡ್ರ್ಯಾಗನ್ ಆಗಿ ಬರೆಯಿರಿ ಅಂದೆ. ತೊಂದರೆಯನ್ನು ಮನುಷ್ಯನಿಂದ ಬೇರೆ ಇಟ್ಟು ನೋಡುವ ಈ ದಾರಿಯನ್ನು ಕುಟುಂಬ ಚಿಕಿತ್ಸಕರಾದ ಮೈಕೆಲ್ ವೈಟ್, ಡೇವಿಡ್ ಎಪ್‌ಸ್ಟನ್ ಬೆಳೆಸಿದರು. ಆ ಕೋಪದ ಡ್ರ್ಯಾಗನ್ ಯಾವಾಗ ಬರುತ್ತದೆ, ಏನು ತಿಂದು ಕೊಬ್ಬುತ್ತದೆ? ಕಿರಣ್ ಪೆನ್ಸಿಲ್ ತಗೊಂಡು ಎರಡು ತುತ್ತು ಬರೆದರು: ಸಾಲದ ಕಂತು, ಅಮ್ಮನ ಫೋನ್.

ಹೊಗೆ ಶುರುವಾದರೆ ಮಾತು ನಿಲ್ಲಿಸಿ. ಗಂಡ-ಹೆಂಡತಿ ಸಂಬಂಧದ ಬಗ್ಗೆ ಸಂಶೋಧನೆ ಮಾಡಿದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಹೇಳುವ ಹಾಗೆ ಮೈ ತಣ್ಣಗಾಗಲು ಕಡಿಮೆ ಅಂದರೂ 20 ನಿಮಿಷ ಬೇಕು. ಎದ್ದು ಹೋಗುವವರು "ವಾಪಸ್ ಬರ್ತೀನಿ" ಅಂತ ಹೇಳಿಯೇ ಹೋಗಬೇಕು. ಸುಮಾ ಬೇಜಾರನ್ನು ಪುಸ್ತಕಕ್ಕಷ್ಟೇ ಹೇಳಿ ಸುಮ್ನೆ ಇರಬಾರದು. ಕಿರಣ್ ಕೇಳದೆ ಆ ಪುಸ್ತಕ ತೆಗೆಯಬಾರದು.

ಮದುವೆ ಮಾತಿಗೆ ಮನೆಯವರು ಕೂರುವ ಮುಂಚೆ ಇನ್ನೊಮ್ಮೆ ಬನ್ನಿ ಅಂದಿದ್ದೇನೆ. ಅಮ್ಮನ ಫೋನಿನ ವಿಷಯ ಬಾಕಿ ಇದೆ.