ಐಕಾನ್‌ಗೂ 4.5:1 ಕಾಂಟ್ರಾಸ್ಟ್ (ಬಣ್ಣ ಮತ್ತು ಹಿನ್ನೆಲೆಯ ಹೊಳಪಿನ ಅನುಪಾತ) ಬೇಕೇ? ಬಿಳಿ ಹಿನ್ನೆಲೆಯಲ್ಲಿ #999999 (ಬೂದು) ಬಣ್ಣದ ಐಕಾನ್ ಏಕೆ ಫೇಲ್ ಆಗುತ್ತದೆ?

ಬೇಡ, 3:1 ಸಾಕು. 4.5:1 ಇರುವುದು ಸಾಮಾನ್ಯ ಗಾತ್ರದ ಅಕ್ಷರಗಳಿಗೆ. ಐಕಾನ್‌ಗೆ ಅನ್ವಯಿಸುವುದು ಡಬ್ಲ್ಯೂಸಿಎಜಿ (WCAG, ಅಂಗವಿಕಲರೂ ಬಳಸುವಂತೆ ವೆಬ್ ರೂಪಿಸುವ ಮಾರ್ಗಸೂಚಿ) 2.1ರಲ್ಲಿ (2018) ಸೇರಿದ 1.4.11ನೇ ನಿಯಮ, ಎಎ ಮಟ್ಟ (ಮೂರು ಮಟ್ಟಗಳಲ್ಲಿ ಮಧ್ಯದ್ದು). #999999 ಬಿಳಿಯ ಮೇಲೆ ಸುಮಾರು 2.85:1 ಅಷ್ಟೇ ಕೊಡುತ್ತದೆ. ಇದನ್ನು 3ಕ್ಕೆ ರೌಂಡ್ ಮಾಡುವಂತಿಲ್ಲ; 2.99 ಬಂದರೂ ಫೇಲೇ.

ತುಸು ಗಾಢವಾದ #949494 ಹಾಕಿದರೆ 3.03 ಬರುತ್ತದೆ, ಪಾಸ್. ಆದರೆ ಅದನ್ನು ನಂಬಿ ಕೂರಬೇಡಿ. ಮೌಸ್ ಇಟ್ಟಾಗ ಆ ಸಾಲಿನ ಹಿನ್ನೆಲೆ ತುಸು ಬೂದುಬಣ್ಣಕ್ಕೆ ತಿರುಗಿದರೂ ಸಾಕು, ಅನುಪಾತ 3ಕ್ಕಿಂತ ಕೆಳಗಿಳಿಯುತ್ತದೆ. ಇನ್ನೊಂದು ತೊಡಕು ಗೆರೆಯ ದಪ್ಪದ್ದು: 1 ಪಿಕ್ಸೆಲ್ ಗೆರೆಯ ಅಂಚನ್ನು ಬ್ರೌಸರ್ ನಯಗೊಳಿಸುವಾಗ ಬಣ್ಣ ಹಿನ್ನೆಲೆಯೊಂದಿಗೆ ಬೆರೆತು, ಕೋಡ್‌ನಲ್ಲಿ ಬರೆದದ್ದಕ್ಕಿಂತ ಪೇಲವವಾಗಿ ಕಾಣುತ್ತದೆ. ಲೆಕ್ಕದಲ್ಲಿ ಪಾಸ್, ಕಣ್ಣಿಗೆ ಫೇಲ್! ಹಾಗಾಗಿ ಗೆರೆ 2 ಪಿಕ್ಸೆಲ್ ಇರಲಿ, ಬಣ್ಣ #767676 ಇರಲಿ (4.54:1). ಪಕ್ಕದ ಅಕ್ಷರಕ್ಕೂ ಅದೇ ಬಣ್ಣ ನಡೆಯುತ್ತದೆ.

ಅಳೆಯುವಾಗ ಅರ್ಥ ಕೊಡುವ ಭಾಗವನ್ನೇ ಅಳೆಯಿರಿ. ನೀಲಿ ವೃತ್ತದೊಳಗೆ ಬಿಳಿ ಫೋನ್ ಚಿತ್ರವಿದ್ದರೆ ಬಿಳಿ ಮತ್ತು ನೀಲಿಯ ನಡುವಿನ ಅನುಪಾತ ನೋಡಬೇಕು. ಬಿಳಿ ಪುಟದ ಮೇಲಿನ ಹಳದಿ ರೇಟಿಂಗ್ ನಕ್ಷತ್ರ ಸಾಮಾನ್ಯವಾಗಿ ಸೋಲುತ್ತದೆ. ಹಳದಿ ಬಿಡಲು ಮನಸ್ಸಿಲ್ಲದಿದ್ದರೆ ಸುತ್ತ ಗಾಢ ಅಂಚು ಕೊಡಿ.

ಲೋಗೋ, ನಿಷ್ಕ್ರಿಯ ಬಟನ್, ಬರೀ ಅಲಂಕಾರದ ಚಿತ್ರಗಳಿಗೆ ವಿನಾಯಿತಿ ಇದೆ. ಪಕ್ಕದಲ್ಲೇ ‘ಅಳಿಸಿ’ ಎಂದು ಓದುವಂತೆ ಬರೆದಿದ್ದರೆ ಕಸದಬುಟ್ಟಿ ಐಕಾನ್‌ಗೂ 3:1 ಕಡ್ಡಾಯವಲ್ಲ.