ಬೇಟೆಯ ನಂತರ ಎಲ್ಕ್‌ಗಿಂತ ಮೂಸ್‌ನ ಮಾಂಸವನ್ನು ಕಾಡಿನಿಂದ ಹೊತ್ತು ತರುವುದು ಏಕೆ ಅಷ್ಟು ಕಷ್ಟ?

ಮುಖ್ಯ ಕಾರಣ ತೂಕ. ಉತ್ತರ ಅಮೆರಿಕದ ಈ ಎರಡು ಜಿಂಕೆ ಜಾತಿಯ ಪ್ರಾಣಿಗಳಲ್ಲಿ, ಬೆಳೆದ ಗಂಡು ಎಲ್ಕ್‌ನಿಂದ ಮೂಳೆ ಬಿಡಿಸಿದ ಮಾಂಸ ಸುಮಾರು 100 ಕಿಲೋ ದೊರೆತರೆ, ಅಲಾಸ್ಕಾದ ದೊಡ್ಡ ಗಂಡು ಮೂಸ್‌ನಿಂದ 200 ಕಿಲೋ ದಾಟುತ್ತದೆ. ಒಬ್ಬರು ಒಮ್ಮೆಗೆ ಮೂವತ್ತು ಕಿಲೋ ಆಸುಪಾಸು ಹೊತ್ತರೆ ಎಲ್ಕ್‌ಗೆ ಮೂರು ಹೊರೆ, ಮೂಸ್‌ಗೆ ಏಳು. ಕೊನೆಯದನ್ನು ಬಿಟ್ಟು ಪ್ರತಿ ಹೊರೆಯನ್ನು ಇಳಿಸಿ ಮತ್ತೆ ಬರಿಗೈಯಲ್ಲಿ ಹಿಂದಿರುಗಬೇಕಾದ ಕಾರಣ, ಪ್ರಾಣಿ ಬಿದ್ದ ಜಾಗ 3 ಕಿ.ಮೀ. ದೂರವಿದ್ದರೆ ಎಲ್ಕ್‌ಗಾಗಿ 15 ಕಿ.ಮೀ., ಮೂಸ್‌ಗಾಗಿ 39 ಕಿ.ಮೀ. ನಡೆಯಬೇಕಾಗುತ್ತದೆ.

ನೆಲವೂ ಬೇರೆ. ರಾಕಿ ಪರ್ವತಗಳ ಎಲ್ಕ್ ಬೇಟೆಯಲ್ಲಿ ಕುದುರೆ, ಹೇಸರಗತ್ತೆಗಳು ಹೊರೆ ಹೊರುವುದುಂಟು. ಮೂಸ್ ಹೆಚ್ಚಾಗಿ ಮೇಯುವುದು ಕಾಲು ಹೂತುಹೋಗುವ ಜೌಗಿನಲ್ಲಿ; ಅಲ್ಲಿ ಹೊರೆ ಸಾಗಿಸಲು ಹೆಚ್ಚಾಗಿ ದೋಣಿಯೇ ಗತಿ. ಆದ್ದರಿಂದ ದೋಣಿ ತಲುಪದಷ್ಟು ದೂರದಲ್ಲಿ ಕಂಡ ಮೂಸ್‌ಗೆ ಗುಂಡು ಹಾರಿಸದಿರುವುದೇ ಸರಿಯಾದ ನಿರ್ಧಾರ.